ಅರಿವಿನ ದಾರಿ

(ನಮ್ಮ ಸರಕಾರಿ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಅಳ್ನಾವರದಲ್ಲಿ ನಡೆದ ಉಪನ್ಯಾಸದ ಬರಹರೂಪ)



ಮಹೋತ್ಸವ ಸಮಿತಿಯವರು ನನಗೆ ಕೊಟ್ಟಿರುವ ವಿಷಯ ‘ನಮ್ಮ ದರ್ಶನಗಳಲ್ಲಿ ಜ್ಞಾನಮಾರ್ಗ’. ಇದು ಮಠದಲ್ಲಿ ಹೇಳುವ ಮಾತು, ಶಾಲೆಯಲ್ಲಿ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಜ್ಞಾನಮಾರ್ಗದ ಮೂಲ ಗ್ರಂಥಗಳಾದ ಉಪನಿಷತ್ತುಗಳನ್ನು ತೆರೆದು ನೋಡಿದರೆ ಅಲ್ಲಿ ಕಾಣುವುದು ಬಹುಮಟ್ಟಿಗೆ ತರಗತಿಯೇ. ಒಬ್ಬರು ಕೇಳುತ್ತಾರೆ, ಒಬ್ಬರು ಹೇಳುತ್ತಾರೆ. ಹೇಳಿದ್ದು ಒಪ್ಪಿಗೆಯಾಗದಿದ್ದರೆ ಮತ್ತೆ ಕೇಳುತ್ತಾರೆ. ನಚಿಕೇತನೆಂಬ ಹುಡುಗ ಸಾಕ್ಷಾತ್ ಯಮನನ್ನೇ ಪ್ರಶ್ನೆ ಕೇಳಿ ಕೂತ. ಮೈತ್ರೇಯಿ ಎಂಬ ಹೆಣ್ಣುಮಗಳು ಗಂಡ ಆಸ್ತಿ ಹಂಚಲು ಬಂದಾಗ, ಈ ಭೂಮಿಯ ಸಂಪತ್ತೆಲ್ಲ ನನ್ನದಾದರೆ ಸಾವನ್ನು ದಾಟಬಲ್ಲೆನೇ ಎಂದು ಕೇಳಿದಳು. ಆಗುವುದಿಲ್ಲ ಎಂದು ಅವರು ಹೇಳಿದಾಗ, ಹಾಗಾದರೆ ಆಸ್ತಿ ಬೇಡ, ತಮಗೆ ತಿಳಿದದ್ದನ್ನು ಹೇಳಿರಿ ಎಂದಳು. ಆದ್ದರಿಂದ ಈ ವಿಷಯವನ್ನು ಶಾಲೆಯ ವೇದಿಕೆಯ ಮೇಲೆ ಎತ್ತಿಕೊಳ್ಳಲು ಸಂಕೋಚಪಡಬೇಕಾಗಿಲ್ಲ.

ನಮ್ಮ ಹಿರಿಯರು ಸಾಧನೆಗೆ ಹಲವು ದಾರಿ ಹೇಳಿದ್ದಾರೆ. ಫಲದ ಆಸೆ ಇಟ್ಟುಕೊಳ್ಳದೆ ದುಡಿಯುವುದು ಕರ್ಮಮಾರ್ಗ. ದೇವರಿಗೆ ಮನಸ್ಸು ಒಪ್ಪಿಸುವುದು ಭಕ್ತಿಮಾರ್ಗ. ಉಸಿರು ಮನಸ್ಸುಗಳನ್ನು ಹಿಡಿದು ನಿಲ್ಲಿಸುವುದು ಧ್ಯಾನಮಾರ್ಗ, ಅದನ್ನೇ ರಾಜಯೋಗ ಎನ್ನುತ್ತಾರೆ. ನಾನು ಯಾರು ಎಂದು ವಿಚಾರ ಮಾಡಿ ತಿಳಿಯುವುದು ಜ್ಞಾನಮಾರ್ಗ. ಈ ನಾಲ್ಕನ್ನೂ ಇಂದಿನ ಜನರಿಗೆ ತಿಳಿಯುವಂತೆ ಬಿಡಿಸಿ ಹೇಳಿದವರಲ್ಲಿ ಸ್ವಾಮಿ ವಿವೇಕಾನಂದರು ಮುಖ್ಯರು. 1892ರ ಅಕ್ಟೋಬರಿನಲ್ಲಿ ಅವರು ನಮ್ಮ ಪಕ್ಕದ ಬೆಳಗಾವಿಯಲ್ಲಿ ಕೆಲವು ದಿನ ತಂಗಿದ್ದರು. ಆಗ ಅವರು ಹೆಚ್ಚು ಜನರಿಗೆ ಗೊತ್ತಿಲ್ಲದ ಒಬ್ಬ ಪರಿವ್ರಾಜಕ. ನಾಲ್ಕು ವರ್ಷದ ನಂತರ, 1896ರಲ್ಲಿ, ಅವರೇ ಲಂಡನ್ನಿನಲ್ಲಿ ಜ್ಞಾನಯೋಗದ ಮೇಲೆ ಉಪನ್ಯಾಸಗಳನ್ನು ಕೊಟ್ಟರು.

ಈಗ ಜ್ಞಾನ ಎಂಬ ಮಾತನ್ನೇ ಸ್ವಲ್ಪ ಬಿಡಿಸಿ ನೋಡೋಣ. ಕನ್ನಡದಲ್ಲಿ ಅದಕ್ಕೆ ಅರಿವು ಎನ್ನುತ್ತೇವೆ. ಅರಿವಿಗೆ ಎದುರು ಮಾತು ಯಾವುದು? ಮರೆವು. ಇದು ಬಹಳ ಸೂಕ್ಷ್ಮವಾದ ಜೋಡಿ. ಮರೆತದ್ದು ಎಂದರೆ ಮೊದಲೇ ನಮ್ಮ ಹತ್ತಿರ ಇದ್ದದ್ದು. ಇನ್ನೊಂದು ಮಾತು ‘ತಿಳಿ’. ಪಾಠ ತಿಳಿಯಿತು ಎನ್ನುತ್ತೇವೆ, ನೀರು ತಿಳಿಯಾಯಿತು ಎಂದೂ ಎನ್ನುತ್ತೇವೆ. ನೀರು ತಿಳಿಯಾಗಬೇಕಾದರೆ ಹೊರಗಿನಿಂದ ಏನನ್ನೂ ಹಾಕಬೇಕಾಗಿಲ್ಲ, ಕಲಕುವುದನ್ನು ನಿಲ್ಲಿಸಿದರೆ ಸಾಕು. ಜ್ಞಾನಮಾರ್ಗದ ಅರ್ಧ ತತ್ತ್ವ ಈ ಎರಡು ಕನ್ನಡ ಪದಗಳಲ್ಲೇ ಇದೆ.

ಉಳಿದರ್ಧಕ್ಕೆ ಒಂದು ಹಳೆಯ ಕಥೆಯಿದೆ. ಶೃಂಗೇರಿಯ ವಿದ್ಯಾರಣ್ಯರು ‘ಪಂಚದಶಿ’ಯಲ್ಲಿ ಇದನ್ನು ವಿಸ್ತಾರವಾಗಿ ಬಳಸಿಕೊಂಡಿದ್ದಾರೆ. ಹತ್ತು ಜನ ಗೆಳೆಯರು ಹೊಳೆ ದಾಟುತ್ತಾರೆ. ನಮ್ಮ ತಿಳಿವಳಿಕೆಗಾಗಿ ಅದನ್ನು ನಮ್ಮ ಡೌಗಿ ನಾಲಾ ಎಂದೇ ಇಟ್ಟುಕೊಳ್ಳಿ, ಆಷಾಢದ ಮಳೆ ಹೊಡೆದು ನೀರು ಕೆಂಪಾಗಿ ಹರಿಯುತ್ತಿದೆ ಎಂದುಕೊಳ್ಳಿ. ಆಚೆ ದಡ ಹತ್ತಿದ ಮೇಲೆ ಒಬ್ಬ ಎಲ್ಲರನ್ನೂ ಎಣಿಸಿದ. ಒಂಬತ್ತೇ ಆಯಿತು. ಇನ್ನೊಬ್ಬ ಎಣಿಸಿದ, ಮತ್ತೆ ಒಂಬತ್ತು. ಒಬ್ಬ ನೀರಿನಲ್ಲಿ ಹೋದನೆಂದು ಎಲ್ಲರೂ ತಲೆ ಬಡಿದುಕೊಂಡು ಅಳತೊಡಗಿದರು. ಆ ದಾರಿಯಲ್ಲಿ ಒಬ್ಬ ಅಜ್ಜ ಬಂದ.

“ಯಾಕ ಅಳ್ತೀರೋ ತಮ್ಮಾ?”

“ಹತ್ತ ಮಂದಿ ಬಂದಿದ್ವಿರೀ ಅಜ್ಜಾರ, ಒಂಬತ್ತ ಮಂದೀನ ಅದೀವಿ.”

ಅಜ್ಜ ಒಂದು ಸಲ ಕಣ್ಣಾಡಿಸಿದ. “ಎಲ್ಲಿ, ನನ್ನ ಮುಂದ ಎಣಿಸು ನೋಡೂಣು.”

ಹುಡುಗ ಎಣಿಸಿದ. ಒಂಬತ್ತಕ್ಕೆ ನಿಂತ. ಅಜ್ಜ ಅವನ ಎದೆಯ ಮೇಲೆ ಬೆರಳಿಟ್ಟು ಹೇಳಿದ: “ಹತ್ತನೇದಾಂವ ನೀನ ಅಲ್ಲೇನೋ!”

ಮಕ್ಕಳೇ, ನೀವು ನಕ್ಕಿರಿ, ಒಳ್ಳೆಯದು. ಆದರೆ ಈ ಕಥೆಯೊಳಗಿನ ನಾಲ್ಕು ಅಂಶ ಗಮನಿಸಿರಿ. ಮೊದಲನೆಯದು, ಹತ್ತನೆಯವನನ್ನು ಅಜ್ಜ ಎಲ್ಲಿಂದಲೂ ತರಲಿಲ್ಲ, ಇದ್ದವನನ್ನೇ ತೋರಿಸಿದ. ಎರಡನೆಯದು, ಆ ಹುಡುಗರು ಅತ್ತರೂ, ಹರಕೆ ಹೊತ್ತರೂ, ಹುಡುಕಲು ನೀರಿಗೆ ಹಾರಿದ್ದರೂ ಹತ್ತನೆಯವ ಸಿಗುತ್ತಿರಲಿಲ್ಲ. ಹಾರಿದ್ದರೆ ನಿಜವಾಗಿಯೂ ಒಬ್ಬ ಕಡಿಮೆಯಾಗುತ್ತಿದ್ದ. ಮೂರನೆಯದು, ಎಲ್ಲರನ್ನೂ ಎಣಿಸಬಲ್ಲವನು ತನ್ನನ್ನೇ ಬಿಟ್ಟು ಎಣಿಸಿದ್ದ. ಅದನ್ನು ತೋರಿಸಲು ಹೊರಗಿನಿಂದ ನೋಡುವವರು ಒಬ್ಬರು ಬೇಕಾದರು. ಅವರೇ ಗುರು. ನಾಲ್ಕನೆಯದನ್ನು ಬಹಳ ಜನ ಮರೆಯುತ್ತಾರೆ. ಅಳುವಾಗ ತಲೆ ಬಡಿದುಕೊಂಡರಲ್ಲ, ಆ ಗಾಯ ಏನಾಯಿತು? ವಿದ್ಯಾರಣ್ಯರು ಅದನ್ನೂ ಬಿಟ್ಟಿಲ್ಲ. ಅಳು ತಕ್ಷಣ ನಿಂತಿತು, ಆದರೆ ತಲೆಯ ಗಾಯ ಮಾಯಲು ತಿಂಗಳು ಹಿಡಿಯಿತು ಎನ್ನುತ್ತಾರೆ. ಅಂದರೆ ತಿಳಿದವನಿಗೂ ಹಳೆಯ ಅಭ್ಯಾಸ, ಹಳೆಯ ನೋವು ಒಂದೇ ದಿನದಲ್ಲಿ ಹೋಗುವುದಿಲ್ಲ. ನಿಧಾನವಾಗಿ ಮಾಯುತ್ತದೆ.

ಹಾಗಾದರೆ ಶಾಲೆಯಲ್ಲಿ ಕಲಿಯುವ ವಿದ್ಯೆ ಜ್ಞಾನವಲ್ಲವೇ? ಮುಂಡಕ ಉಪನಿಷತ್ತು ವಿದ್ಯೆಯನ್ನು ಪರಾ, ಅಪರಾ ಎಂದು ಎರಡಾಗಿ ಮಾಡುತ್ತದೆ. ಅಕ್ಷರ, ವ್ಯಾಕರಣ, ಜ್ಯೋತಿಷ, ಕೊನೆಗೆ ವೇದಗಳನ್ನು ಕೂಡ ಅಪರಾ ವಿದ್ಯೆಯ ಪಟ್ಟಿಗೇ ಸೇರಿಸುತ್ತದೆ. ತನ್ನನ್ನೇ ಕೆಳಗಿನ ಸಾಲಿನಲ್ಲಿ ಕೂಡ್ರಿಸಿಕೊಂಡ ಗ್ರಂಥದ ಪ್ರಾಮಾಣಿಕತೆ ನೋಡಿರಿ. ಆದರೆ ಅಪರಾ ವಿದ್ಯೆ ಬೇಡ ಎಂದು ಅದು ಹೇಳಿಲ್ಲ. ಎರಡೂ ವಿದ್ಯೆ ತಿಳಿಯಬೇಕು ಎಂದಿದೆ.

ಛಾಂದೋಗ್ಯದ ಶ್ವೇತಕೇತುವಿನ ಪ್ರಸಂಗ ಹಳೆಯ ವಿದ್ಯಾರ್ಥಿಗಳಾದ ನಿಮಗೆ ಹಿಡಿಸಬಹುದು. 12ನೇ ವಯಸ್ಸಿಗೆ ಗುರುಕುಲಕ್ಕೆ ಹೋಗಿ, 12 ವರ್ಷ ಓದಿ, 24ರ ಹರೆಯದಲ್ಲಿ ಮನೆಗೆ ಬಂದ. ಎಲ್ಲ ಕಲಿತೆನೆಂಬ ಗರ್ವ ಮೈತುಂಬ ಇತ್ತು. ತಂದೆ ಉದ್ದಾಲಕರು ಒಂದೇ ಪ್ರಶ್ನೆ ಕೇಳಿದರು: ಯಾವ ಒಂದನ್ನು ತಿಳಿದರೆ ಎಲ್ಲವೂ ತಿಳಿದಂತಾಗುತ್ತದೋ ಅದನ್ನು ಕೇಳಿಕೊಂಡೆಯಾ? ಮಗನಿಗೆ ಉತ್ತರ ಬರಲಿಲ್ಲ. ಆಗ ತಂದೆ ಬೈಯಲಿಲ್ಲ, ಪ್ರಯೋಗ ಮಾಡಿಸಿದರು. ರಾತ್ರಿ ನೀರಿಗೆ ಉಪ್ಪು ಹಾಕಿಸಿ, ಮುಂಜಾನೆ ಆ ಉಪ್ಪನ್ನು ತೆಗೆದು ಕೊಡು ಎಂದರು. ಹುಡುಗ ಹುಡುಕಿದ, ಉಪ್ಪು ಕಾಣಲಿಲ್ಲ. ಮೇಲಿನ ನೀರು ಕುಡಿದು ನೋಡು, ನಡುವಿನದು ನೋಡು, ತಳದ್ದು ನೋಡು ಎಂದರು. ಎಲ್ಲ ಕಡೆ ಉಪ್ಪೇ. ಕಣ್ಣಿಗೆ ಕಾಣದಿದ್ದರೂ ಎಲ್ಲೆಡೆ ಒಂದೇ ಸಮನಾಗಿ ಇರುವ ಸತ್ಯ ಒಂದಿದೆ, ಅದು ನೀನೇ ಆಗಿರುವೆ ಎಂದು ತಿಳಿಸಿದರು. ಪಾಠದ ಬೆಲೆ ಬಾಯಿಪಾಠದಲ್ಲಿ ಇಲ್ಲ, ರುಚಿ ನೋಡುವುದರಲ್ಲಿ ಇದೆ. ನಮ್ಮ ವಿಜ್ಞಾನದ ಗುರುಗಳು ಈ ಮಾತನ್ನು ಒಪ್ಪುತ್ತಾರೆ.

ಈ ದಾರಿಗೆ ಹೊರಡುವವರ ಹತ್ತಿರ ನಾಲ್ಕು ಬುತ್ತಿ ಇರಬೇಕು ಎಂದು ವೇದಾಂತ ಹೇಳುತ್ತದೆ. ಇದಕ್ಕೆ ಸಾಧನ ಚತುಷ್ಟಯ ಎಂದು ಹೆಸರು. ಮೊದಲನೆಯದು ವಿವೇಕ. ಬಿತ್ತುವ ಮೊದಲು ರೈತ ಬೀಜ ಆರಿಸುವಾಗ ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ಬೇರೆ ಮಾಡುತ್ತಾನಲ್ಲ, ಹಾಗೆ ಉಳಿಯುವುದು ಯಾವುದು, ಅಳಿಯುವುದು ಯಾವುದು ಎಂದು ಆರಿಸುವ ಬುದ್ಧಿ. ಎರಡನೆಯದು ವೈರಾಗ್ಯ. ಮನೆಮಾರು ಬಿಟ್ಟು ಓಡುವುದಕ್ಕೆ ವೈರಾಗ್ಯ ಎನ್ನುವುದಿಲ್ಲ. ಬಿಡಬೇಕಾದ ಹೊತ್ತಿಗೆ ಕೈ ಸಡಿಲ ಮಾಡುವ ಶಕ್ತಿಗೆ ಹಾಗೆನ್ನುತ್ತಾರೆ. ಮೂರನೆಯದು ಆರು ಗುಣಗಳ ಗುಂಪು: ಶಮ, ದಮ, ಉಪರತಿ, ತಿತಿಕ್ಷೆ, ಶ್ರದ್ಧೆ, ಸಮಾಧಾನ. ಸರಳವಾಗಿ ಹೇಳುವುದಾದರೆ ಮನಸ್ಸಿನ ಹಿಡಿತ, ಇಂದ್ರಿಯಗಳ ಹಿಡಿತ, ಬೇಡದ್ದರಿಂದ ಹಿಂದೆ ಸರಿಯುವುದು, ಬಿಸಿಲು ಚಳಿ ತಾಳಿಕೊಳ್ಳುವುದು, ಗುರುವಿನ ಮಾತಿನಲ್ಲಿ ನಂಬಿಕೆ, ಮನಸ್ಸು ಒಂದು ಕಡೆ ನಿಲ್ಲುವುದು. ನಾಲ್ಕನೆಯದು ಮುಮುಕ್ಷುತ್ವ, ಅಂದರೆ ಬಿಡುಗಡೆಯ ಹಸಿವು. ಹಸಿವಿಲ್ಲದವನಿಗೆ ಹೋಳಿಗೆ ಬಡಿಸಿದರೂ ರುಚಿಸುವುದಿಲ್ಲ.

ಬುತ್ತಿ ಆಯಿತು, ಇನ್ನು ನಡಿಗೆ. ಅದರಲ್ಲಿ ಮೂರು ಹೆಜ್ಜೆ: ಶ್ರವಣ, ಮನನ, ನಿದಿಧ್ಯಾಸನ. ನಾನು ಅನೇಕ ವರ್ಷ ಪಾಠ ಹೇಳಿದವನು. ತರಗತಿಯಲ್ಲಿ “ತಿಳೀತೇನ್ರೋ?” ಎಂದರೆ “ತಿಳೀತ್ರೀ ಸರ್” ಎಂದು ಎಲ್ಲರೂ ಒಂದೇ ಧ್ವನಿಯಲ್ಲಿ ಕೂಗುತ್ತಾರೆ. ಅದು ಶ್ರವಣ. ಕೇಳಿದ್ದಾಯಿತು, ಅಷ್ಟೇ. ಮನೆಗೆ ಹೋಗಿ ಒಬ್ಬ ಹುಡುಗಿ ಅದನ್ನು ಮತ್ತೆ ಮತ್ತೆ ತಿರುವಿ ನೋಡಿ, ಮರುದಿನ “ಸರ್, ನೀವು ಹೇಳಿದ್ದು ಹಿಂಗಿದ್ರ, ಅದ್ಯಾಕ ಹಂಗಾಗ್ತದ?” ಎಂದು ಕೇಳಿದರೆ ಅದು ಮನನ. ಸಂಶಯ ಎತ್ತುವುದು ಈ ಮಾರ್ಗದಲ್ಲಿ ಅಪರಾಧವಲ್ಲ. ಅದು ಎರಡನೆಯ ಮೆಟ್ಟಿಲು. ಸಂಶಯ ಹರಿದ ಮೇಲೆ ಆ ತಿಳಿವಳಿಕೆ ನಡೆಯಲ್ಲಿ, ನುಡಿಯಲ್ಲಿ, ಕಷ್ಟ ಬಂದ ದಿನ ಕೂಡ ಜಾರದಂತೆ ನಿಂತರೆ ಅದು ನಿದಿಧ್ಯಾಸನ. ಭಗವದ್ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿಯೂ ಜ್ಞಾನವನ್ನು ನಮ್ರತೆಯಿಂದ, ಸೇವೆಯಿಂದ ಮತ್ತು ಪ್ರಶ್ನೆಯಿಂದ ಪಡೆಯಬೇಕೆಂದು ಹೇಳಿದೆ. ನಮ್ರತೆ, ಸೇವೆಗಳನ್ನು ನಾವು ಉಳಿಸಿಕೊಂಡಿದ್ದೇವೆ. ಪ್ರಶ್ನೆಯನ್ನು ಮಾತ್ರ ಬಹಳ ಕಡೆ ಕೈಬಿಟ್ಟಿದ್ದೇವೆ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಯಾವ ಮಾರ್ಗ ದೊಡ್ಡದು? ಅರ್ಜುನನೂ ಮೂರನೆಯ ಅಧ್ಯಾಯದ ಆರಂಭದಲ್ಲಿ ಇದನ್ನೇ ಕೇಳಿದ. ಜ್ಞಾನವೇ ಹೆಚ್ಚಾದರೆ ನನ್ನನ್ನು ಈ ಯುದ್ಧಕ್ಕೆ ಯಾಕೆ ನೂಕುತ್ತಿ ಎಂದ. ವೇದಾಂತಿಗಳು ಇದಕ್ಕೆ ಕೊಡುವ ಉತ್ತರವನ್ನು ನಮ್ಮ ಹುಲಿಕೇರಿಯ ಇಂದಿರಮ್ಮನ ಕೆರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತೇನೆ. ಕೆರೆಯ ತಳದಲ್ಲಿ ಏನಿದೆ ಎಂದು ಕಾಣಬೇಕು. ಕಾಣದಿರಲು ಮೂರು ಕಾರಣ ಇರಬಹುದು. ನೀರು ರಾಡಿಯಾಗಿರಬಹುದು, ಗಾಳಿಗೆ ತೆರೆ ಎದ್ದಿರಬಹುದು, ಇಲ್ಲವೇ ಮೇಲೆ ಪಾಚಿ ಮುಚ್ಚಿರಬಹುದು. ಮನಸ್ಸಿನ ರಾಡಿಗೆ ಮಲ ಎನ್ನುತ್ತಾರೆ, ಅಂದರೆ ಸ್ವಾರ್ಥ, ಹೊಟ್ಟೆಕಿಚ್ಚು. ಅದು ನಿಷ್ಕಾಮ ಕರ್ಮದಿಂದ ಹೋಗುತ್ತದೆ. ಮನಸ್ಸಿನ ತೆರೆಗೆ ವಿಕ್ಷೇಪ ಎನ್ನುತ್ತಾರೆ, ಅದು ಭಕ್ತಿಯಿಂದ, ಉಪಾಸನೆಯಿಂದ, ಧ್ಯಾನದಿಂದ ಅಡಗುತ್ತದೆ. ಪಾಚಿಯಂತೆ ಮುಚ್ಚಿದ್ದಕ್ಕೆ ಆವರಣ ಎನ್ನುತ್ತಾರೆ. ಅದೇ ಅಜ್ಞಾನ, ಅದು ಜ್ಞಾನದಿಂದ ಮಾತ್ರ ಸರಿಯುತ್ತದೆ. ಕತ್ತಲನ್ನು ಕಸಬರಿಗೆಯಿಂದ ಗುಡಿಸಲಾಗದು, ದೀಪ ಹಚ್ಚಬೇಕು. ರಾತ್ರಿ ಕಣದಲ್ಲಿ ಬಿದ್ದ ಮಿಣಿಯನ್ನು ಹಾವೆಂದು ಹೆದರಿದವನಿಗೆ ಬಡಿಗೆ ಬೇಕಾಗಿಲ್ಲ, ಬ್ಯಾಟರಿ ಬೇಕು. ಆದರೆ ರಾಡಿ ನೀರಿನ ಮೇಲಿನ ಪಾಚಿ ಸರಿಸಿದರೂ ತಳ ಕಾಣುವುದಿಲ್ಲ. ಅದಕ್ಕೇ ಮೂರೂ ಬೇಕು. ಇದು ಅದ್ವೈತಿಗಳು ಹಾಕಿಕೊಟ್ಟ ಕ್ರಮ. ರಾಮಾನುಜರ, ಮಧ್ವರ ಪರಂಪರೆಯವರು ಭಕ್ತಿಗೆ ಹೆಚ್ಚಿನ ಸ್ಥಾನ ಕೊಡುತ್ತಾರೆ, ಜೀವ-ಈಶ್ವರರ ಸಂಬಂಧವನ್ನು ಬೇರೆ ರೀತಿಯಲ್ಲಿ ಹೇಳುತ್ತಾರೆ. ಆದರೆ ತಿಳಿವಳಿಕೆ ಬೇಡ ಎಂದು ಅವರೂ ಹೇಳಿಲ್ಲ.

ಬಂಧುಗಳೇ, ಈ ವಿದ್ಯೆ ಕಾಶಿಯಲ್ಲಿಯೋ ಹಿಮಾಲಯದಲ್ಲಿಯೋ ಇದೆ ಎಂದು ತಿಳಿಯಬೇಡಿರಿ. ನಮ್ಮ ಧಾರವಾಡ ಸೀಮೆಯ ಮಣ್ಣಿನಲ್ಲಿ ಅದು ಆಳವಾಗಿ ಬೇರೂರಿದೆ, ಅದೂ ಕನ್ನಡದಲ್ಲಿ. ಅದಕ್ಕೆ ಭದ್ರವಾದ ಬುನಾದಿ ಹಾಕಿದವರು ನಿಜಗುಣ ಶಿವಯೋಗಿಗಳು. ಕೊಳ್ಳೇಗಾಲ ಸೀಮೆಯ ಶಂಭುಲಿಂಗನ ಬೆಟ್ಟದಲ್ಲಿ ತಪಸ್ಸು ಮಾಡಿದವರು ಎಂದು ಪ್ರಸಿದ್ಧರು. ‘ವಿವೇಕ ಚಿಂತಾಮಣಿ’, ‘ಪರಮಾನುಭವ ಬೋಧೆ’, ‘ಪರಮಾರ್ಥ ಗೀತೆ’, ‘ಅನುಭವಸಾರ’ ಮೊದಲಾದ ಶಾಸ್ತ್ರಗಳನ್ನು ಬರೆದರು. ‘ಕೈವಲ್ಯ ಪದ್ಧತಿ’ಯಲ್ಲಿ ವೇದಾಂತವನ್ನು ಹಾಡಿಗೆ ಹೊಂದಿಸಿ ಕೊಟ್ಟರು. ‘ವಿವೇಕ ಚಿಂತಾಮಣಿ’ಯಂತೂ ಕನ್ನಡ ಗದ್ಯದಲ್ಲಿರುವ ಒಂದು ವಿಶ್ವಕೋಶ. ಅದು ಮರಾಠಿಗೂ ಹೋಯಿತು. ಸಂಸ್ಕೃತ ಬಾರದವನಿಗೂ ಮೋಕ್ಷಶಾಸ್ತ್ರ ತಿಳಿಯಬೇಕು ಎಂಬ ಕಳಕಳಿ ಅವರದು.

ದಕ್ಷಿಣದಲ್ಲಿ ಹುಟ್ಟಿದ ಆ ಶಾಸ್ತ್ರಗಳು ನಮ್ಮ ಭಾಗದಲ್ಲಿ ಮನೆಮಾತಾದದ್ದು ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮಿಗಳಿಂದ. 1836ರಲ್ಲಿ ಬೀದರ ಸೀಮೆಯ ಚಳಕಾಪುರದಲ್ಲಿ ಹುಟ್ಟಿ, ಗಜದಂಡ ಸ್ವಾಮಿಗಳಲ್ಲಿ ಸೇವೆ ಮಾಡಿ, ದೇಶ ಸುತ್ತಿ, ಕೊನೆಗೆ ಹುಬ್ಬಳ್ಳಿಯಲ್ಲಿ ನೆಲೆ ನಿಂತು 1929ರಲ್ಲಿ ದೇಹ ಬಿಟ್ಟರು. ಆರೂಢ ಎಂದರೆ ಏರಿ ನಿಂತವ. ಅವರ ಮುಂದೆ ಕೂತು ನಿಜಗುಣರ ಶಾಸ್ತ್ರ ಕೇಳಿದವರಲ್ಲಿ ಪಂಡಿತರು ಇದ್ದಂತೆ ಒಕ್ಕಲಿಗರು, ಕೂಲಿಯವರು, ಹೆಣ್ಣುಮಕ್ಕಳೂ ಇದ್ದರು. ಜಾತಿ ಕೇಳಿ ಒಳಗೆ ಬಿಡುವ ಪದ್ಧತಿ ಅಲ್ಲಿರಲಿಲ್ಲ. ಇಂದು ನಮ್ಮ ಅಳ್ನಾವರದಿಂದ ರೈಲು ಹತ್ತಿ ಹುಬ್ಬಳ್ಳಿಯಲ್ಲಿ ಇಳಿದರೆ ಆ ನಿಲ್ದಾಣಕ್ಕೆ ಅವರದೇ ಹೆಸರು. ಅದರ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮನ್ನು 2023ರಲ್ಲಿ ಉದ್ಘಾಟಿಸಿದರು. ಪ್ಲಾಟ್‌ಫಾರ್ಮಿನ ಉದ್ದ ಎಲ್ಲರಿಗೂ ಗೊತ್ತು. ಹೆಸರಿನ ಆಳವನ್ನೂ ಮಕ್ಕಳು ತಿಳಿಯಬೇಕು.

ಅದೇ ಕಾಲದಲ್ಲಿ ಗರಗದಲ್ಲಿ ಮಡಿವಾಳಪ್ಪನವರು, ನವಲಗುಂದದಲ್ಲಿ ನಾಗಲಿಂಗಜ್ಜನವರು, ಶಿಶುನಾಳದಲ್ಲಿ ಷರೀಫರು ಇದ್ದರು. ಷರೀಫರ ಕಾಲ 1819ರಿಂದ 1889. ಅವರು ಕೆಲವು ಕಾಲ ಶಾಲಾ ಮಾಸ್ತರರಾಗಿದ್ದರು ಎಂಬುದನ್ನು ಇಲ್ಲಿ ನೆನೆಯುವುದು ಯೋಗ್ಯ. ಕಳಸದ ಗೋವಿಂದಭಟ್ಟರು ಬ್ರಾಹ್ಮಣರು, ಷರೀಫರು ಮುಸಲ್ಮಾನರು. ಗುರು ಶಿಷ್ಯನನ್ನು ಒಪ್ಪಿಕೊಂಡರು, ಶಿಷ್ಯ ಗುರುವನ್ನು ಅಪ್ಪಿಕೊಂಡ. ಇಬ್ಬರ ಕಡೆಯವರೂ ಮುನಿಸಿಕೊಂಡರು. ಇಬ್ಬರೂ ಹಿಂಜರಿಯಲಿಲ್ಲ. ಎಲ್ಲರಲ್ಲಿಯೂ ಇರುವ ಆತ್ಮ ಒಂದೇ ಎಂಬ ಮಾತನ್ನು ಪುಸ್ತಕದಿಂದ ಬೀದಿಗೆ ತಂದು ನಡೆದು ತೋರಿಸಿದ ಘಟನೆ ಇದು.

ಇಲ್ಲಿಗೇ ನಾನು ಹೇಳಬೇಕಾದ ಮುಖ್ಯ ಮಾತು ಬರುತ್ತದೆ. ಜ್ಞಾನಮಾರ್ಗದಲ್ಲಿ ಎರಡು ಕುಣಿಗಳಿವೆ. ಒಂದು ಸೋಮಾರಿತನದ ಕುಣಿ. ಜಗತ್ತೆಲ್ಲ ಮಾಯೆ, ದುಡಿದು ಏನು ಮಾಡುವುದು ಎಂದು ಕಟ್ಟೆಯ ಮೇಲೆ ಕೂಡ್ರುವುದು. ಹೀಗೆ ಹೇಳುವವನು ಹಸಿವಾದಾಗ ರೊಟ್ಟಿಗೆ ಮಾಯೆ ಎನ್ನುವುದಿಲ್ಲ, ಕೊಟ್ಟ ಸಾಲಕ್ಕೂ ಎನ್ನುವುದಿಲ್ಲ. ತೀರಿಸಬೇಕಾದ ಸಾಲ ಮಾತ್ರ ಅವನಿಗೆ ಮಾಯೆ. ಇದು ವೇದಾಂತವಲ್ಲ.

ಎರಡನೆಯದು ಅಹಂಕಾರದ ಕುಣಿ, ಇದು ಇನ್ನೂ ಆಳ. ಬಲ್ಲೆನೆಂಬ ಗರ್ವ. ಗೀತೆಯ ಹದಿಮೂರನೆಯ ಅಧ್ಯಾಯದಲ್ಲಿ ಜ್ಞಾನ ಎಂದರೆ ಏನು ಎಂದು ಕೃಷ್ಣ ಪಟ್ಟಿ ಮಾಡುತ್ತಾನೆ. ಸುಮಾರು ಇಪ್ಪತ್ತು ಗುಣಗಳಿವೆ. ಎಷ್ಟು ಪುಸ್ತಕ ಓದಿದ್ದೀ, ಎಷ್ಟು ಶ್ಲೋಕ ಬಾಯಿಗೆ ಬರುತ್ತವೆ ಎಂಬುದು ಆ ಪಟ್ಟಿಯಲ್ಲಿ ಇಲ್ಲ. ಮೊಟ್ಟಮೊದಲ ಗುಣ, ದೊಡ್ಡವನೆಂದು ಹೇಳಿಕೊಳ್ಳದಿರುವುದು. ಆಮೇಲೆ ಡಂಭವಿಲ್ಲದಿರುವುದು, ಹಿಂಸೆ ಮಾಡದಿರುವುದು, ತಾಳ್ಮೆ, ನೇರ ನಡತೆ. ಜ್ಞಾನಕ್ಕೆ ಪರೀಕ್ಷೆ ನಡತೆಯಲ್ಲಿದೆ.

ಆ ಪರೀಕ್ಷೆಯನ್ನು ನಮ್ಮ ಊರಿಗೇ ಹಚ್ಚಿ ನೋಡೋಣ. ಆತ್ಮ ಒಂದೇ ಎಂದು ಪುರಾಣ ಕಟ್ಟೆಯ ಮೇಲೆ ತಲೆದೂಗುತ್ತೇವೆ. ಎದ್ದು ಹೋಗಿ ಊಟದ ಪಂಕ್ತಿಯಲ್ಲಿ, ನೀರಿನ ನಳದ ಹತ್ತಿರ, ಮಗಳ ಸಂಬಂಧ ನೋಡುವಾಗ, ಕೂಲಿ ಕೊಡುವಾಗ ಅದೇ ಮಾತು ನೆನಪಾಗುತ್ತದೆಯೇ? ನೆನಪಾಗದಿದ್ದರೆ ನಮ್ಮದು ಇನ್ನೂ ಶ್ರವಣ, ಮಕ್ಕಳ “ತಿಳೀತ್ರೀ ಸರ್” ಇದ್ದಂತೆ. ಎಲ್ಲರನ್ನೂ ಎಣಿಸಿ ತನ್ನನ್ನು ಬಿಟ್ಟವನ ಕಥೆ ಕೇಳಿ ನಕ್ಕೆವು. ತನ್ನವರನ್ನಷ್ಟೇ ಎಣಿಸಿ ಉಳಿದವರನ್ನು ಬಿಟ್ಟವನೂ ಅಷ್ಟೇ ತಪ್ಪು ಲೆಕ್ಕ ಮಾಡಿದವನು.

ಈ ದೃಷ್ಟಿಯಿಂದ ನೋಡಿದರೆ ಸರಕಾರಿ ಶಾಲೆ ದೊಡ್ಡ ಜಾಗ. ಎಲ್ಲ ಓಣಿಯ ಮಕ್ಕಳೂ ಒಂದೇ ಬೆಂಚಿನ ಮೇಲೆ ಕೂತು, ಒಂದೇ ಕರಿಹಲಗೆ ನೋಡಿ, ಮಧ್ಯಾಹ್ನ ಒಂದೇ ಸಾಲಿನಲ್ಲಿ ಉಣ್ಣುತ್ತಾರೆ. ಆ ಸಾಲು ಮುರಿಯದಂತೆ ನೋಡಿಕೊಳ್ಳುವುದು ಊರಿನ ಜವಾಬ್ದಾರಿ.

ಕೊನೆಗೆ ಎರಡು ಬೇಡಿಕೆ. ಗುರುಗಳಲ್ಲಿ ಕೇಳುವುದು ಇಷ್ಟು: ವಾರಕ್ಕೆ ಒಂದು ಪಿರಿಯಡ್ ಮಕ್ಕಳ ಪ್ರಶ್ನೆಗೆಂದೇ ಬಿಡಿರಿ. ಆ ಹೊತ್ತಿನಲ್ಲಿ ಅವರು ಕೇಳಲಿ, ನಾವು ಉತ್ತರಿಸೋಣ. ಉತ್ತರ ಬಾರದಿದ್ದರೆ “ಹುಡುಕಿ ಹೇಳ್ತೀನಿ” ಎನ್ನೋಣ. ಅದರಿಂದ ಗುರುವಿನ ಘನತೆ ಕಡಿಮೆಯಾಗುವುದಿಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ, ಪಾಲಕರಲ್ಲಿ ಕೇಳುವುದು: ಮಗು ಎಷ್ಟು ಅಂಕ ತಂದಿತು ಎಂದು ಕೇಳುವ ಬಾಯಿಂದಲೇ, ಇವತ್ತು ಏನು ಪ್ರಶ್ನೆ ಕೇಳಿದೆ ಎಂದೂ ಕೇಳಿರಿ. ಅಂಕ ಕಡಿಮೆ ಬಂದ ಮಗುವಿಗೆ ನೀನು ದಡ್ಡ ಎಂದು ಹೇಳಬೇಡಿರಿ. ಹತ್ತನೆಯವ ಎಲ್ಲಿಯೂ ಕಳೆದುಹೋಗಿಲ್ಲ, ತೋರಿಸುವ ಬೆರಳು ಬೇಕು. ಐವತ್ತು ವರ್ಷ ಈ ಶಾಲೆ ಆ ಬೆರಳಿನ ಕೆಲಸ ಮಾಡಿದೆ, ಮುಂದೆಯೂ ಮಾಡಲಿ.